ದಸರೆಯ ದಿನ ಸತ್ತ ಬ್ಯಾಟರಿ

ಡೊಂಬಿವಲಿಯ ಅಂಚಿಗೆ, ಹಿನ್ನೀರಿನ ಮೋಟಾಗಾಂವ್ ಖಾಡಿಯ ದಂಡೆಯಲ್ಲಿ ಅಂಗಾರನ ದೋಣಿ ಎರಡು ಸಲ ಕೆಮ್ಮಿತು. ಮೂರನೆಯ ಸಲಕ್ಕೆ ಕೆಮ್ಮಲೂ ಶಕ್ತಿಯಿಲ್ಲದೆ ಸುಮ್ಮನಾಯಿತು.

"ಬ್ಯಾಟ್ರಿ ಹೋಯ್ತು ಅಕ್ಕಾ. ನಿನ್ನೆ ಯಾರೋ ಲೈಟು ಹಾಕಿ ಬಿಟ್ಟಿದ್ದಾರೆ," ಎಂದ ಅಂಗಾರ.

"ಯಾರೋ ಅಂದ್ರ? ದೋಣ್ಯಾಗ ಮಲಗಾಂವ ನೀನೊಬ್ಬನ ಅಲ್ಲೇನು?" ಎಂದಳು ಸುಶೀಲಾಬಾಯಿ.

ಅಂಗಾರ ನೀರಿನ ಕಡೆ ನೋಡಿದ.

"ಕೈಲೆ ತಿರುವಿ ಚಾಲೂ ಮಾಡು ಮತ್ತ."

"ಆ ಹ್ಯಾಂಡಲ್ ಮಳೆಗಾಲದಲ್ಲೇ ಖಾಡಿಗೆ ಬಿತ್ತಲ್ಲ ಮಾರಾಯ್ರೆ!"

ಸುಶೀಲಾಬಾಯಿ ಸೆರಗಿನ ತುದಿಯ ಗಂಟನ್ನು ಮುಟ್ಟಿ ನೋಡಿಕೊಂಡಳು. ಒಳಗೆ ಒಂದು ಹಿಡಿ ಬನ್ನಿ ಎಲೆ. ಆಚೆ ದಡದಲ್ಲಿ ತಂಗಿ ಸತ್ಯಭಾಮಾಳ ಮನೆ. ಅವಳ ಗಂಡನಿಗೆ ಕೊಲ್ಹಾಪುರಕ್ಕೆ ವರ್ಗವಾಗಿ ಆತ ಮೊದಲೇ ಹೋಗಿದ್ದ. ಈ ದಿನ ಮೂರು ಗಂಟೆಗೆ ಅವಳೂ ಸಾಮಾನು ಕಟ್ಟಿಕೊಂಡು ಹೊರಡುವಳೆಂದು ಸುದ್ದಿ. ಅಕ್ಕ ತಂಗಿಗೆ ಮಾತು ನಿಂತು ಎರಡು ವರ್ಷ. ಕಾರಣ, ಅವ್ವನ ಬೀಸುವ ಕಲ್ಲು. ಅವ್ವ ತೀರಿಕೊಂಡಾಗ ಇಬ್ಬರೂ ತಮಗೇ ಬೇಕೆಂದು ಹಟ ಹಿಡಿದು, ಕೊನೆಗೆ ಕೆಳಗಿನ ಕಲ್ಲು ಅಕ್ಕನಿಗೆ, ಮೇಲಿನದು ತಂಗಿಗೆ ಎಂದು ಪಾಲಾಯಿತು. ಅಂದಿನಿಂದ ಇಬ್ಬರೂ ಹಿಟ್ಟಿಗೆ ಗಿರಣಿಯ ಮುಂದೆ ಸಾಲು ನಿಲ್ಲುತ್ತಿದ್ದರು.

ಬನ್ನಿ ಕೊಟ್ಟರೆ ಯಾವ ಸಿಟ್ಟಾದರೂ ಮುಗಿಯಬೇಕು, ಅದು ಊರಿನ ಪದ್ಧತಿ. ಆದರೆ ತಾನೇ ಮೊದಲು ಹೋಗುವುದೇ ಎಂದು ಮುಂಜಾನೆಯೆಲ್ಲ ಮೂರು ಸಲ ಸೀರೆ ಉಟ್ಟು, ಮೂರು ಸಲ ಬಿಚ್ಚಿ, ಸುಶೀಲಾಬಾಯಿ ಹೊರಬಿದ್ದಾಗ ಹನ್ನೊಂದಾಗಿತ್ತು. ಇನ್ನು ರಸ್ತೆಯಿಂದ ಕಲ್ಯಾಣ ಪಟ್ಟಣ ಸುತ್ತಿ ಹೋಗಲು ಹಬ್ಬದ ದಿನ ಬಸ್ಸು ಸಿಗುವ ಭರವಸೆಯಿಲ್ಲ.

ದಂಡೆಗೆ ಕರೆಂಟೇ ಬಂದಿರಲಿಲ್ಲ. ಅಂಗಾರ ಬ್ಯಾಟರಿಯನ್ನು ಹೆಗಲಿಗೇರಿಸಿದ. ಇಬ್ಬರೂ ಪೇಟೆಗೆ ಬಂದರೆ ಚಾರ್ಜ್ ಮಾಡುವ ಅಂಗಡಿಯ ಬಾಗಿಲಿಗೆ ಚೆಂಡು ಹೂವಿನ ಮಾಲೆ ಮತ್ತು ಬೀಗ.

ಹೋಟೆಲಿನ ಪುಂಡರೀಕಾಕ್ಷನ ಸ್ಕೂಟರು ಮದುಮಗನ ಹಾಗೆ ಕುಂಕುಮ ಹಚ್ಚಿಕೊಂಡು ನಿಂತಿತ್ತು. ಅದರಿಂದ ತುಸು ಕರೆಂಟು ಕೊಡು ಎಂದು ಅಂಗಾರ ಕೇಳಿದ.

"ಇವತ್ತು ಅದು ಸ್ಕೂಟರಲ್ಲ, ದೇವರು," ಎಂದ ಅವನು. "ದೇವರನ್ನು ಕಿಕ್ ಮಾಡ್ಲಿಕ್ಕೆ ಆಗ್ತದಾ? ಮತ್ತೆ ಇದರದ್ದು ಆರು ವೋಲ್ಟು, ನಿಮ್ಮದು ಹನ್ನೆರಡು. ಇಲಿ ಹಾಲು ಕುಡಿದು ಎಮ್ಮೆ ಬೆಳೀಲಿಕ್ಕುಂಟಾ?"

ಸುಶೀಲಾಬಾಯಿ ಇದ್ದ ಸಾಲುಮನೆಗಳ ಚಾಳಿನ ಅಂಗಳಕ್ಕೆ ಬಂದರು. ಪಕ್ಕದ ಮನೆಯ ರತ್ನಾಬಾಯಿ ಕೂಡಲೇ ಹಾಜರು.

"ಗ್ವಾಡಿ ಪ್ಲಗ್ಗಿಗೆ ವೈರ್ ಚುಚ್ಚಿ ಹಚ್ಚರಿ."

"ಹಾಗೆ ನೇರ ಹಚ್ಚಿದ್ರೆ ಚಾಳೇ ಹಾರಿ ಹೋಗ್ತದೆ!" ಎಂದು ಅಂಗಾರ ಬ್ಯಾಟರಿಯನ್ನು ಅಪ್ಪಿಕೊಂಡ.

"ಹಂಗಾರ ಬಿಸಿಲಿಗಿಡ್ರಿ, ಹಪ್ಪಳದಂಗ. ಶಾಖ ಹಿಡದರ ತಾನ ಎದ್ದ ಬರತೈತಿ."

ಬಿಸಿಲಿಗಿಟ್ಟರು. ಏಳಲಿಲ್ಲ. ಮುಚ್ಚಳ ತೆಗೆದು ನೋಡಿ ಅಂಗಾರ, ಒಳಗಿನ ನೀರು ಇಳಿದಿದೆ, ಶುದ್ಧವಾದ ನೀರು ಬೇಕು ಎಂದ. ಸುಶೀಲಾಬಾಯಿ ಕಾಶಿಯಿಂದ ಬಂದ ಗಂಗೆಯ ತಂಬಿಗೆಯನ್ನೇ ಒಡೆದು ಸುರಿದಳು. ಸಾಯುವಾಗ ತನ್ನ ಬಾಯಿಗೆಂದು ಇಟ್ಟದ್ದು.

"ಇಷ್ಟೆಲ್ಲಾ ಯಾಕ್ರೀ? ಎಲ್ಲಿಗೆ ಹೋಗೋದೈತಿ?" ಎಂದಳು ರತ್ನಾಬಾಯಿ.

"ಸುಮ್ನ... ಖಾಡಿ ನೋಡಾಕ."

ತಂಗಿಯ ಮುಂದೆ ಸೋಲಲು ಅವಳು ಸಿದ್ಧಳಿದ್ದಳು, ಚಾಳಿನ ಮುಂದೆ ಅಲ್ಲ.

ಹನ್ನೆರಡೂವರೆಗೆ, ಇಬ್ಬರೂ ರತ್ನಾಬಾಯಿಯ ಕಣ್ಣು ತಪ್ಪಿಸಿ ಬ್ಯಾಟರಿ ಹೊತ್ತು ಹಿತ್ತಿಲ ದಾರಿಯಿಂದ ಓಣಿಯ ಬಾಯಿಗೆ ಬಂದಾಗ, ದೇವರೇ ಕಳಿಸಿದ ಹಾಗೆ ಒಂದು ಟೆಂಪೋ ನಿಂತಿತ್ತು. ತಾಡಪತ್ರಿ ಹೊದಿಸಿದ ಮನೆ ಸಾಮಾನು. ಮುಂದೆ ಬೀಡಿ ಸೇದುತ್ತ ಡ್ರೈವರ್ ಮಹಾದೇವಪ್ಪ, ವಿಜಾಪುರದ ಕಡೆಯವನು.

"ತಗೋರಿ ಯಕ್ಕಾ, ಕರೆಂಟಿಗೇನು ಬರ?" ಎಂದು ಅವನು ಇಂಜಿನ್ ಚಾಲೂ ಮಾಡಿದ. "ಸಾಮಾನಿನ ಬಾಯಾರು ಓಣ್ಯಾಗ ಯಾರನ್ನೋ ಭೇಟಿ ಆಗಾಕ ಹೋಗ್ಯಾರ. ಅವ್ರು ಬರೂಮಟಾ ನಂದೇನು ತಕರಾರಿಲ್ಲ."

ವೈರು ಗಿಡ್ಡವಾಗಿತ್ತು. ಬ್ಯಾಟರಿಗೆ ಎತ್ತರ ಸಾಲದೆಂದು ಮಹಾದೇವಪ್ಪ ಗೋಣಿಯಲ್ಲಿ ಸುತ್ತಿದ ದುಂಡನೆಯ ಸಾಮಾನೊಂದನ್ನು ಇಳಿಸಿಕೊಟ್ಟ. ಅದರ ಮೇಲೆ ಬ್ಯಾಟರಿ ಕೂತಿತು. ಗಂಗೆ ತುಸು ತುಳುಕಿದಳು.

ಟೆಂಪೋ ಗುರ್ ಎನ್ನುತ್ತಿದ್ದಂತೆ ಸುಶೀಲಾಬಾಯಿ ಚಾಳಿನ ಕಡೆ ಬೆನ್ನು ಮಾಡಿ ಪಕ್ಕದಲ್ಲೇ ಕೂತಳು.

"ಗಾಡಿ ನಿಂದರಿಸಿ ಇಷ್ಟೊತ್ತು ಹರಟಿ ಹೊಡೀತಾಳಲ್ಲ, ಎಂಥಾ ಹೆಣಮಗಳೋ," ಎಂದಳು. ಕೂಡಲೇ ತನ್ನ ಸ್ವಾರ್ಥ ನೆನಪಾಗಿ, "ಹೊಡೀಲಿ ಪಾಪ. ಇನ್ನೂ ಒಂದು ತಾಸು ಹೊಡೀಲಿ ದೇವ್ರೇ," ಎಂದು ಕೈ ಮುಗಿದಳು.

ದೇವರು ಆ ದಿನ ಕೇಳಿದ್ದು ಅದೊಂದನ್ನೇ. ಒಂದೂವರೆಯವರೆಗೆ ಯಾವ ಬಾಯಾರೂ ಬರಲಿಲ್ಲ. ಅಂಗಾರ ಎರಡು ತುದಿಗೆ ತಂತಿ ತಾಗಿಸಿ ಕಿಡಿ ನೋಡಿ, "ಜೀವ ಬಂತು!" ಎಂದು ಕುಣಿದ. ಸುಶೀಲಾಬಾಯಿ ಮಹಾದೇವಪ್ಪನಿಗೆ ಎರಡು ಬನ್ನಿ ಎಲೆ ಕೊಟ್ಟು, ಅಂಗಾರನ ಹಿಂದೆ ಖಾಡಿಯತ್ತ ಓಡಿದಳು.

ದೋಣಿ ಈ ಸಲ ಕೆಮ್ಮಲಿಲ್ಲ. ಹದಿನೈದು ನಿಮಿಷದ ನೀರಿನ ದಾರಿಯಲ್ಲಿ ಅವಳು ಹೇಳಬೇಕಾದ ಮಾತನ್ನು ಹತ್ತು ಸಲ ಕಟ್ಟಿ ಹತ್ತು ಸಲ ಮುರಿದಳು. ಕೊನೆಗೆ ಉಳಿದದ್ದು ಒಂದೇ: 'ಕಲ್ಲು ನೀನ ಇಟ್ಕೊ, ಸತ್ಯವ್ವಾ.'

ಸತ್ಯಭಾಮಾಳ ಮನೆಗೆ ಬೀಗ ಬಿದ್ದಿತ್ತು.

ನೆರೆಯ ಮುದುಕಿ ಮರಾಠಿಯಲ್ಲಿ ಹೇಳಿದಳು: ಅವಳು ಹತ್ತಕ್ಕೇ ಹೊರಟಳಲ್ಲ! ಡೊಂಬಿವಲಿಯ ಮೇಲೆ ಹಾದು, ಅಕ್ಕನಿಗೆ ಬನ್ನಿ ಕೊಟ್ಟು ಮುಂದೆ ಹೋಗುತ್ತೇನೆ ಎಂದಳು.

ಸುಶೀಲಾಬಾಯಿ ಮರಳಿ ಚಾಳು ಸೇರಿದಾಗ ಓಣಿಯ ಬಾಯಲ್ಲಿ ಟೆಂಪೋ ಇರಲಿಲ್ಲ, ನೆಲದ ಮೇಲೆ ಎಣ್ಣೆಯ ಕಲೆಯಷ್ಟೇ ಇತ್ತು. ಮನೆಯ ಕಟ್ಟೆಯ ಮೇಲೆ ದುಂಡನೆಯ ಗೋಣಿ ಗಂಟು. ಬ್ಯಾಟರಿಯ ಆಸಿಡ್ ತಿಂದು ಗೋಣಿಯಲ್ಲಿ ನಾಲ್ಕಾರು ತೂತು.

"ಎಲ್ಲಿ ಹಾಳಾಗಿದ್ರಿ?" ರತ್ನಾಬಾಯಿ ಎದೆ ಎದೆ ಬಡಿದುಕೊಂಡಳು. "ನಿಮ್ಮ ತಂಗಿ ಒಂದು ತಾಸು ಇಲ್ಲೇ ಕುಂತಿದ್ಲು! ನಾ ಹೇಳಿದೆ, ಅಕ್ಕಾರು ಹಬ್ಬಾ ಬಿಟ್ಟು ಖಾಡಿ ನೋಡಾಕ ಹೋಗ್ಯಾರ ಅಂತ."

"ಆಕಿ ಏನಂದ್ಲು?"

"'ನಾ ಬರೂದು ಗೊತ್ತಾಗಿರಬೇಕು' ಅಂದ್ಲು. ಆದ್ರೂ ಕಾದ್ಲು. ಆ ಟೆಂಪೋದ ಗುರ್ ಅನ್ನೂದು ಒಮ್ಮೆಲೇ ನಿಂತ್ತು ನೋಡ್ರಿ, 'ಡ್ರೈವರ್ ಸಿಟ್ಟಿಗೆದ್ದ' ಅಂತ ಗಾಬರಿ ಆಗಿ ಎದ್ಲು. ಡ್ರೈವರ್ ಕೈಲೆ ಇದನ್ನ ತರಿಸಿ ಇಲ್ಲಿ ಇಳಿಸಿ ಹೋದ್ಲು."

ಸುಶೀಲಾಬಾಯಿ ಗಂಟು ಬಿಚ್ಚಿದಳು. ಅವ್ವನ ಮೇಲಿನ ಕಲ್ಲು. ಕಾಳು ಹಾಕುವ ಬಾಯಿಯಲ್ಲಿ ಬನ್ನಿ ಎಲೆಗಳನ್ನು ತುರುಕಿತ್ತು, ತನ್ನ ಸೆರಗಿನಲ್ಲಿದ್ದಂಥವೇ. ಒಳಗೊಯ್ದು ಕೆಳಗಿನ ಕಲ್ಲಿನ ಮೇಲೆ ಕೂಡಿಸಿದಳು. ಎರಡು ವರ್ಷ ಬಿಟ್ಟಿದ್ದರೂ ಸರಿಯಾಗಿ ಕೂತಿತು. ಗೂಟ ಹಿಡಿದು ಅರ್ಧ ಸುತ್ತು ದೂಡಿದಳು. ಅಲ್ಲಿಂದ ಮುಂದೆ ಎಳೆದುಕೊಳ್ಳುತ್ತಿದ್ದುದು ಯಾವಾಗಲೂ ಎದುರಿಗೆ ಕೂತ ಸತ್ಯಭಾಮಾ.

ಬಾಗಿಲಲ್ಲಿ ಅಂಗಾರ ಹಲ್ಲು ಕಿರಿಯುತ್ತ ನಿಂತಿದ್ದ.

"ಅಕ್ಕಾ, ಬ್ಯಾಟ್ರಿ ಈಗ ಫುಲ್ ಉಂಟು. ಇನ್ನು ಎಲ್ಲಿಗಾದ್ರೂ ಹೋಗ್ಲಿಕ್ಕುಂಟಾ?"