ಗೆಡ್ಡೆರಾಯನ ನಡಿಗೆ

ನಡೆದದ್ದನ್ನು ನಡೆದ ಕ್ರಮದಲ್ಲೇ, ಹೆಚ್ಚುಕಡಿಮೆ ಮಾಡದೆ ಹೇಳುತ್ತೇನೆ. ಮೂರು ವಾರ ಕಳೆದಿದ್ದರೂ, ಯಾರಾದರೂ ಜೋರಾಗಿ ನಕ್ಕರೆ ನನಗೆ ಇನ್ನೂ ಎದೆ ಝಲ್ಲೆನ್ನುತ್ತದೆ.

ನಾನು ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ, ಅಂತರಸಂತೆಯ ಆಚೆ, ಕಾಡಂಚಿನ ಒಂದು ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು. ಈ ವರ್ಷ ಮೈಸೂರಿನಲ್ಲಿ ಎರಡು ದಿನದ ತರಬೇತಿ ಪಡೆದು, ಕಂಪ್ಯೂಟರಿನಲ್ಲಿ ಚಿತ್ರಗಳನ್ನು ಓಡಾಡಿಸುವ ವಿದ್ಯೆಯನ್ನು ಸಂಪೂರ್ಣವಾಗಿ ಕಲಿತು ಬಂದೆ. ಸಂಪೂರ್ಣವಾಗಿ ಎಂದರೆ, ಎರಡನೆಯ ದಿನದ ಮಧ್ಯಾಹ್ನದ ಊಟದವರೆಗೆ. ಊಟಕ್ಕೆ ಒಬ್ಬಟ್ಟು ಇತ್ತು. ಆಮೇಲಿನ ಪಾಠವೂ ಚೆನ್ನಾಗಿತ್ತೆಂದು ಪಕ್ಕದಲ್ಲಿ ಕೂತಿದ್ದವರು ಹೇಳಿದರು.

ಈ ವಿದ್ಯೆಯ ಅಗತ್ಯ ನನಗೆ ತುರ್ತಾಗಿಯೇ ಇತ್ತು. ಬಿಸಿಯೂಟದ ಅಕ್ಕಿ ಇಡುವ ಕೋಣೆ ಸೋರುತ್ತಿತ್ತು. ಶಾಲೆಯಲ್ಲಿ ಸೋರದ ಕೋಣೆ ಒಂದೇ, ನಾಲ್ಕು ಕಂಪ್ಯೂಟರುಗಳಿರುವ ನನ್ನ ಕೋಣೆ. ಶಾಲೆಯ ಮೇಲ್ವಿಚಾರಣಾ ಸಮಿತಿಯ, ಅಂದರೆ ಎಸ್‌ಡಿಎಂಸಿಯ, ಅಧ್ಯಕ್ಷರಾದ ಬೋರೇಗೌಡರು ಒಂದು ದಿನ ಬಂದು, ಮುಚ್ಚಿದ ಕಂಪ್ಯೂಟರುಗಳನ್ನು ನೋಡಿ, "ಮೇಷ್ಟ್ರೇ, ಅಕ್ಕಿ ಆದ್ರೆ ಮಕ್ಳ ಹೊಟ್ಟೆಗೋಯ್ತದೆ. ಇವು ಏನ್ ಮಾಡ್ತವೆ?" ಎಂದರು. ಶನಿವಾರದ ಪೋಷಕರ ಸಭೆಯಲ್ಲಿ ತೋರಿಸುತ್ತೇನೆ ಎಂದೆ. "ತೋರ್ಸಿ. ಇಲ್ದಿದ್ರೆ ಅವತ್ತೇ ಮೂಟೆ ಎತ್ತಿಸ್ತೀನಿ" ಎಂದರು.

ಒಂಬತ್ತನೆಯ ತರಗತಿಯಲ್ಲಿ ಕೆಲಸ ಶುರುವಾಯಿತು. "ನಿಮ್ಮದೇ ಆದ ಒಂದು ಪಾತ್ರ ಬೇಕು. ಎಲ್ಲಿಯೂ ನೋಡಿರಬಾರದು" ಎಂದೆ.

"ಆನೆ ಬರೀಲಾ ಸಾ?"

"ಆನೆ ಎಲ್ಲರೂ ನೋಡಿದ್ದೇ. ಬೇಡ."

ಮರುದಿನ ಸಿಂಚನಾ ಎಂಬ ಹುಡುಗಿ ಹೊಲದಿಂದ ಒಂದು ಹಸಿ ಶುಂಠಿ ತಂದು ಮೇಜಿನ ಮೇಲಿಟ್ಟಳು. "ನೋಡಿ ಸಾ, ಇದ್ಕೆ ಆಗ್ಲೇ ಕೈಕಾಲು ಅವೆ. ಕಣ್ಣು ಬರುದ್ರೆ ಆಯ್ತು."

ಹೀಗೆ ಗೆಡ್ಡೆರಾಯ ಹುಟ್ಟಿದ. ಹೊಲದಿಂದ ತಪ್ಪಿಸಿಕೊಂಡು ಸಂತೆ ಸುತ್ತಿ, ಕಷಾಯದ ಪಾತ್ರೆ ಕಂಡು ಮನೆಗೆ ಓಡಿಬರುವ ಅವನ ಕಥೆಯನ್ನೂ ಸಿಂಚನಾ ತಂಡವೇ ಕಟ್ಟಿತು. ಉಳಿದದ್ದು ನಡಿಗೆ. ಒಂದು ಸೆಕೆಂಡಿನ ನಡಿಗೆಗೆ ಹನ್ನೆರಡು ಚಿತ್ರ ಬರೆಯಬೇಕು.

"ಟೀವಿ ನೋಡಿ ಕಾಪಿ ಮಾಡಬಾರದು. ನಿಮಗೆ ದಿನವೂ ಕಾಣುವ ಒಬ್ಬರನ್ನು ಆರಿಸಿಕೊಳ್ಳಿ. ಅವರ ನಡಿಗೆಯನ್ನು ಹೆಜ್ಜೆ ಹೆಜ್ಜೆಯಾಗಿ ಬರೆಯಿರಿ. ಅವರಿಗೆ ಗೊತ್ತಾಗಬಾರದು."

"ಯಾರಾದ್ರೂ ಆಯ್ತದಾ ಸಾ? ಬಯ್ಯಲ್ವಾ?"

"ಗೊತ್ತಾದರೆ ತಾನೆ ಬಯ್ಯೋದು!"

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಲಿಯುವ ಉತ್ಸಾಹ ಎಂದುಕೊಂಡೆ. ಕೋಣೆಗೆ ಬೀಗ ಹಾಕಿ, ಜಗ್ಗಿ ನೋಡಿ, ಬೀಗದ ಕೈ ಅಂಗಿಯ ಜೇಬಿನಲ್ಲಿದೆಯೆಂದು ಮುಟ್ಟಿ ಖಚಿತಪಡಿಸಿಕೊಂಡು ಮನೆಗೆ ಹೋದೆ. ನಾಲ್ಕು ಕಂಪ್ಯೂಟರಿನ ಜವಾಬ್ದಾರಿ ಸಾಮಾನ್ಯವಲ್ಲ.

ಇಲ್ಲಿ ನಮ್ಮ ಕಡೆಯ ಒಂದು ವಿಷಯ ಹೇಳಬೇಕು. ಬೆಳಗಿನ ಮಂಜಿನಲ್ಲಿ ಎದುರಿಗೆ ಬರುತ್ತಿರುವುದು ಏನು ಎಂಬುದು ಕಾಡಂಚಿನವರಿಗೆ ಮೊದಲೇ ತಿಳಿಯಬೇಕು. ಆದ್ದರಿಂದ ಮುಖ ಕಾಣುವ ಮೊದಲೇ ನಡಿಗೆ ನೋಡಿ ಇಂಥವರೇ ಎಂದು ಹೇಳಿಬಿಡುತ್ತಾರೆ. ಮಕ್ಕಳಿಗೆ ಈ ಕೆಲಸ ಕೊಡುವಾಗ ಇದನ್ನು ಮರೆತದ್ದು ನಾನೊಬ್ಬನೇ.

ಗುರುವಾರ ಸಿಂಚನಾ ನಡಿಗೆ ತೋರಿಸಿದಳು. ಗೆಡ್ಡೆರಾಯ ಎಡಗೈಯನ್ನು ಎದೆಗೆ ಒತ್ತಿಕೊಂಡಿದ್ದ. ಬಲಗೈ ಬೀಸುತ್ತಿದ್ದ. ನಾಲ್ಕು ಹೆಜ್ಜೆ ಇಟ್ಟು, ನಿಂತು, ಪೂರ್ತಿ ಕತ್ತು ತಿರುಗಿಸಿ ಹಿಂದೆ ನೋಡುತ್ತಿದ್ದ. ಮತ್ತೆ ನಾಲ್ಕು ಹೆಜ್ಜೆ.

ಪಂಚೆಯ ತುದಿಯನ್ನು ಎದೆಯ ಹತ್ತಿರ ಹಿಡಿದು, ಆಗಾಗ ಹಿಂದೆ ನೋಡುತ್ತ ನಡೆಯುವವರು ಊರಿಗೆಲ್ಲ ಒಬ್ಬರೇ. ಬೋರೇಗೌಡರು! ಎರಡು ವರ್ಷದ ಹಿಂದೆ ಮಂಜಿನಲ್ಲಿ ಅವರನ್ನು ಆನೆ ಅಟ್ಟಿಸಿಕೊಂಡು ಬಂದು, ಅವರು ತಂಬಾಕು ಹದಮಾಡುವ ಬ್ಯಾರನ್ ಮನೆಗೆ ನುಗ್ಗಿ ಬಾಗಿಲು ಹಾಕಿಕೊಂಡಿದ್ದರು. ಅಂದಿನಿಂದ ಹಿಂದೆ ನೋಡುವ ಅಭ್ಯಾಸ. ಆನೆ ಎಂಬುದು ಅವರ ಮಾತು. ಅದು ನಿಂಗಯ್ಯನ ಎಮ್ಮೆ ಎಂಬುದು ಊರಿನ ಮಾತು. ಆ ಮಾತನ್ನು ಅವರ ಮುಂದೆ ಇಂದಿನವರೆಗೆ ಯಾರೂ ಆಡಿಲ್ಲ.

ಸಂಜೆ ಮೊಬೈಲಿನಲ್ಲಿ ಅದನ್ನು ನನ್ನ ಹೆಂಡತಿ ಶೋಭಾಗೆ ತೋರಿಸಿದೆ. ಅವಳು ಸೌಟು ಕೆಳಗಿಟ್ಟು, ಗೋಡೆ ಹಿಡಿದುಕೊಂಡು ನಕ್ಕಳು.

"ಯಾರು ಅಂತ ಗೊತ್ತಾಗುತ್ತಾ?" ಎಂದೆ ಭಯದಿಂದ.

"ಗೊತ್ತಾಗ್ದೇ ಏನ್ರೀ! ಥೇಟ್ ಅದೇ! ಇಡೀ ಊರಿಗೇ ಗೊತ್ತಾಗುತ್ತೆ."

"ಹಾಗಾದರೆ ತೆಗೆದುಬಿಡಬೇಕು."

"ಯಾಕ್ರೀ, ಇರ್ಲಿ ಬಿಡಿ. ಪಾಪ, ಮಕ್ಕಳು ಎಷ್ಟು ಪ್ರೀತಿಯಿಂದ ಮಾಡಿದ್ದಾವೆ!"

ಹೆಂಗಸರಿಗೆ ಆಡಳಿತ ತಿಳಿಯುವುದಿಲ್ಲ ಎಂದುಕೊಂಡೆ. ಈ ವಾಕ್ಯವನ್ನು ಈಗ ಹಿಂತೆಗೆದುಕೊಂಡಿದ್ದೇನೆ.

ಶುಕ್ರವಾರ ಮಕ್ಕಳು ಹೋದ ಮೇಲೆ ಒಬ್ಬನೇ ಕೂತು ನಡಿಗೆ ತಿದ್ದಲು ಹೊರಟೆ. ಎದೆಯ ಮೇಲಿನ ಕೈ ಅಳಿಸಿದೆ. ಎರಡೂ ಕೈ ಹೋದವು. ಕತ್ತು ಮುಂದಕ್ಕೆ ತಿರುಗಿಸಿದೆ. ಕತ್ತು ಮುಂದೆ ಬಂತು, ಕಾಲು ಹಿಂದೆ ಹೋಯಿತು! ಗಾಬರಿಯಿಂದ, ಮಾಡಿದ್ದನ್ನು ರದ್ದು ಮಾಡುವ ಗುಂಡಿ ಒತ್ತಿದೆ. ಕೈ ಬಂದವು, ಕಾಲು ಸರಿಯಾಯಿತು, ಗೆಡ್ಡೆರಾಯ ಮೊದಲಿನಂತೆ ಹಿಂದೆ ನೋಡಿದ. ಆದರೆ ಹೊಲ, ಸಂತೆ, ಕಷಾಯದ ಪಾತ್ರೆ, ಇಡೀ ಕಥೆ ಮಾಯ! ಖಾಲಿ ಬಿಳಿ ಬಯಲಿನಲ್ಲಿ ಅವನೊಬ್ಬನೇ ನಡೆಯುತ್ತಿದ್ದ. ನಾನು ಎಚ್ಚರಿಕೆಯ ಮನುಷ್ಯ. ಇರುವುದಾದರೂ ಉಳಿಯಲಿ ಎಂದು ಮೂರು ಸಲ ಸೇವ್ ಮಾಡಿದೆ. ಕಥೆ ಮರಳಿ ಬರುವ ಕೊನೆಯ ದಾರಿಯೂ ಅದರಿಂದಲೇ ಮುಚ್ಚಿತೆಂದು ಆಮೇಲೆ ತಿಳಿಯಿತು.

ಶನಿವಾರ. ಜಗಲಿಯ ಗೋಡೆಗೆ ಪರದೆಯಾಗಿ ಬಿಳಿ ಪಂಚೆ ಕಟ್ಟಿ, ಎದುರಿಗೆ ಪ್ರೊಜೆಕ್ಟರ್ ಇಟ್ಟಿದ್ದೆವು. ಮುಂದಿನ ಸಾಲಿನಲ್ಲಿ ಬೋರೇಗೌಡರು. ಪಕ್ಕದಲ್ಲಿ ಬಿಸಿಯೂಟದ ಅಡುಗೆಯ ನಂಜಮ್ಮ, ಅಕ್ಕಿಮೂಟೆಗಳ ಪರವಾಗಿ. ನಾನು ಗುಂಡಿ ಒತ್ತಿದೆ.

ನಾಲ್ಕು ಹೆಜ್ಜೆ. ನಿಂತ. ಹಿಂದೆ ನೋಡಿದ.

ಹಿಂದಿನ ಸಾಲಿನಿಂದ ಶುರುವಾದ ನಗು ಮಳೆಯಂತೆ ಮುಂದಕ್ಕೆ ಬಂತು. ನಿಲ್ಲಿಸಲು ಹೋದೆ. ನಿಲ್ಲಲಿಲ್ಲ! ನಿಲ್ಲಿಸುವುದನ್ನು ಬಹುಶಃ ಒಬ್ಬಟ್ಟಿನ ನಂತರ ಹೇಳಿಕೊಟ್ಟಿದ್ದರು.

"ಸಾ, ಕಥೆ ಎಲ್ಲೋಯ್ತು?" ಎಂದು ಸಿಂಚನಾ ಅಳುವಂತಾದಳು. ಬೋರೇಗೌಡರು ಪರದೆಯನ್ನೂ ನನ್ನನ್ನೂ ಬದಲಾಯಿಸಿ ಬದಲಾಯಿಸಿ ನೋಡುತ್ತಿದ್ದರು. ಕೋಣೆ ಹೋಯಿತು ಎಂದುಕೊಂಡೆ. ನಾನು ಎದ್ದು ನಿಂತು, ಇಡೀ ಸಭೆಗೆ ಕೇಳುವಂತೆ ಕೈಮುಗಿದು ಹೇಳಿದೆ:

"ಅಧ್ಯಕ್ಷರು ದಯವಿಟ್ಟು ಕ್ಷಮಿಸಬೇಕು! ಇದು ತಮ್ಮ ನಡಿಗೆಯಲ್ಲ! ಆ ಎಮ್ಮೆಯ ವಿಷಯಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ!"

ನಗು ನಿಂತಿತು. ಗೆಡ್ಡೆರಾಯ ಮಾತ್ರ ನಡೆಯುತ್ತಿದ್ದ.

"ಯಾವ ಎಮ್ಮೆ ಮೇಷ್ಟ್ರೇ?" ಎಂದರು ಬೋರೇಗೌಡರು ನಿಧಾನವಾಗಿ.

ಆಗ ನಂಜಮ್ಮ ಹಣೆ ಚಚ್ಚಿಕೊಂಡರು. "ಅಯ್ಯೋ ಶಿವನೇ! ಗೌಡ್ರ್ಯಾಕಾದಾರು? ಅದು ನೀವೇ ಕಣ್ ಮೇಷ್ಟ್ರೇ! ಜೇಬು ಹಿಡ್ಕೊಂಡು, ಬೀಗ ಹಾಕಿದ್ನೋ ಇಲ್ವೋ ಅಂತ ನಾಕೆಜ್ಜೆಗೊಂದ್ ಕಿತ ತಿರುಗಿ ನೋಡಲ್ವಾ? ದಿನಾ ಅಡುಗೆಮನೆ ಕಿಟಕೀಲಿ ನೋಡ್ತೀನಲ್ಲ!"

"ಸಾಧ್ಯವೇ ಇಲ್ಲ" ಎಂದು, ಕರೆಂಟಿನ ವೈರು ಕಿತ್ತುಹಾಕಲು ಜಗಲಿಯ ಆ ತುದಿಗೆ ಹೊರಟೆ. ಕೈ ತಾನಾಗಿಯೇ ಜೇಬಿಗೆ ಹೋಯಿತು. ನಾಲ್ಕು ಹೆಜ್ಜೆಯಾದ ಮೇಲೆ, ಮತ್ತೆ ನಗುತ್ತಿದ್ದಾರೆಯೇ ಎಂದು ತಿರುಗಿ ನೋಡಿದೆ.

ಪರದೆಯ ಮೇಲೆ ಗೆಡ್ಡೆರಾಯನೂ ತಿರುಗಿದ.

ಆಮೇಲಿನ ಐದು ನಿಮಿಷ ಸಭೆ ಸಭೆಯಾಗಿರಲಿಲ್ಲ. ಎಲ್ಲರಿಗಿಂತ ಜೋರಾಗಿ ನಕ್ಕವಳು, ಸಭೆ ನೋಡಲು ಬಂದಿದ್ದ ಶೋಭಾ. ಕಥೆ ಅಳಿಸಿದ್ದು ನಾನೇ ಎಂದು ಮಕ್ಕಳ ಮುಂದೆ ಒಪ್ಪಿಕೊಂಡೆ. ಬೋರೇಗೌಡರು ಟವೆಲಿನಿಂದ ಕಣ್ಣೊರೆಸಿಕೊಂಡು ಎದ್ದರು.

"ರೂಮು ಮಕ್ಳಿಗೇ ಇರ್ಲಿ ಬುಡಿ. ಅಕ್ಕಿ ರೂಮಿಗೆ ನಾನೇ ತಗಡು ಹಾಕುಸ್ತೀನಿ. ಎಷ್ಟು ಕರೆಕ್ಟಾಗಿ ನೋಡ್ಯವೆ! ಅವತ್ತು ಮಂಜಲ್ಲಿ ಇವು ನನ್ನ ಜೊತೇಲಿ ಇದ್ದಿದ್ರೆ, ಹಿಂದೆ ಬತ್ತಿರೋದು ಏನು ಅಂತ ನಂಗೂ ಗೊತ್ತಾಗೋದು."

ಎರಡು ವರ್ಷದಲ್ಲಿ ಆ ವಿಷಯವಾಗಿ ಅವರು ಅಷ್ಟು ಸಡಿಲಗೊಂಡದ್ದು ಅದೇ ಮೊದಲು. ಆಮೇಲೆ ಸಿಂಚನಾ ಕಡೆ ಕೈ ತೋರಿಸಿದರು.

"ಆದ್ರೆ ಬೀಗದ ಕೈ ಮಾತ್ರ ಈ ಮಗೀನ ತಾವ ಇರ್ಲಿ. ಮೇಷ್ಟ್ರು ಒಬ್ರೇ ಒಳಗೆ ಹೋಗೋದ್ ಬ್ಯಾಡ."

ಹೀಗೆ ಕೋಣೆ ಉಳಿಯಿತು. ಸಿಂಚನಾ ತಂಡ ಸಂತೆಯನ್ನು ಮತ್ತೆ ಬರೆಯುತ್ತಿದೆ. ನಾನು ಬಾಗಿಲ ಬಳಿ ನಿಂತು, ಒಳಗೆ ಬರಬಹುದೇ ಎಂದು ಅವಳನ್ನು ಕೇಳುತ್ತೇನೆ.

"ಮೊದಲೇ ಯಾಕೆ ಹೇಳಲಿಲ್ಲ?" ಎಂದು ಶೋಭಾಳನ್ನು ಕೇಳಿದೆ. "ನಿಮ್ಮ ನಡಿಗೆ ನಿಮಗೆ ಗೊತ್ತಿರಲ್ಲ ಅಂತ ನನಗೇನ್ರೀ ಗೊತ್ತು?" ಎಂದಳು.

ಈಗ ಜೇಬು ಖಾಲಿ. ಕೈ ಮಾತ್ರ ಅಲ್ಲಿಗೇ ಹೋಗುತ್ತದೆ. ನಿನ್ನೆ ಶಾಲೆ ಬಿಟ್ಟಾಗ ನಾಲ್ಕು ಹೆಜ್ಜೆ ನಡೆದು, ತಡೆಯಲಾರದೆ ತಿರುಗಿ ನೋಡಿದೆ. ಹಿಂದೆ ಬರುತ್ತಿದ್ದ ಎಂಟನೆಯ ತರಗತಿಯ ಆರು ಮಕ್ಕಳು, ಎದೆಗೆ ಕೈ ಒತ್ತಿಕೊಂಡು, ಸಾಲಾಗಿ ತಾವೂ ಹಿಂದೆ ತಿರುಗಿ ನೋಡುತ್ತಿದ್ದರು.

ಅವರ ಹಿಂದೆ ನಿಂಗಯ್ಯನ ಎಮ್ಮೆ ಬರುತ್ತಿತ್ತು. ಆ ದಾರಿಯಲ್ಲಿ ತನ್ನ ಪಾಡಿಗೆ ತಾನು ನೆಟ್ಟಗೆ ನಡೆಯುತ್ತಿದ್ದದ್ದು ಅದೊಂದೇ!