ಕತ್ತರಿಯ ಅಪರೂಪದ ಕಾಯಿಲೆ

ಕೆಮ್ಮಿದ್ದು ತಪ್ಪಲ್ಲ. ಆ ಕೆಮ್ಮಿಗೆ ಡಾಕ್ಟರು ಕೊಟ್ಟ ಹೆಸರನ್ನು ಬಾಯಿಬಿಟ್ಟು ಹೇಳಿದ್ದೇ ತಪ್ಪಾಯಿತು.

ಅಂಗಿ ಹೊಲಿಯುವ ಆ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವವನನ್ನು ಎಲ್ಲರೂ ಕತ್ತರಿ ಎಂದೇ ಕರೆಯುತ್ತಿದ್ದರು. ಬೆಳಿಗ್ಗೆ ಆಸ್ಪತ್ರೆಗೆ ಹೋಗಿ ತಡವಾಗಿ ಬಂದವನನ್ನು ಗುಂಡಿ ಹೊಲಿಯುವ ಅಕ್ಕ ವಿಚಾರಿಸಿದಳು.

"ಸಾರ್ಕಾಯ್ಡೋಸಿಸ್ ಅಂತೆ. ಶ್ವಾಸಕೋಶದಲ್ಲಿ ಸಣ್ಣ ಸಣ್ಣ ಗಂಟು. ಅಂಟೋದಲ್ಲ. ಕೆಲವು ಚಳಿ ದೇಶಗಳಲ್ಲಿ ಜಾಸ್ತಿ, ನಮ್ಮಲ್ಲಿ ಅಪರೂಪ ಅಂದ್ರು."

"ನೀನ್ಯಾವಾಗ ಚಳಿ ದೇಶಕ್ಕೆ ಹೋಗಿದ್ದೆ?"

"ನಾನೆಲ್ಲಿ ಹೋಗ್ಲಿ ಅಕ್ಕ, ಈ ಊರೇ ದಾಟಿಲ್ಲ."

"ಹಂಗಾದ್ರೆ ಅಲ್ಲಿಂದ ಯಾರೋ ನಿನ್ನ ಹತ್ರ ಬಂದಿರ್ಬೇಕು."

ಕೈಜಾರಿದ ದಾರದ ಉಂಡೆಯಂತೆ ಸುದ್ದಿ ಎಲ್ಲ ಯಂತ್ರಗಳ ಕೆಳಗೂ ಉರುಳಿತು. ಇಸ್ತ್ರಿಯವನು ಮೊಬೈಲು ತೆಗೆದು ಓದಿದ. "ಚಳಿಗಾಲ ಮುಗಿದು ಬಿಸಿಲು ಏರೋ ಹೊತ್ತಲ್ಲಿ ಈ ಕಾಯಿಲೆ ಹೆಚ್ಚು ಕಾಣಿಸ್ಕೊಳ್ಳತ್ತಂತೆ."

ಎಲ್ಲರೂ ಕಿಟಕಿಯಾಚೆ ನೋಡಿದರು. ಬಿಸಿಲು ಏರುತ್ತಿತ್ತು.

ಮಧ್ಯಾಹ್ನದೊಳಗೆ ಕತ್ತರಿಯ ಮೇಜು ವರಾಂಡಕ್ಕೆ ಬಿತ್ತು. ಹೆಂಡತಿಯ ಫೋನು ಬಂತು. "ಊರಿಗೆಲ್ಲ ಹೇಳಿ ನನಗೊಬ್ಬಳಿಗೆ ಹೇಳ್ಲಿಲ್ವಾ? ಮಗೂನ ಕರ್ಕೊಂಡು ಅಮ್ಮನ ಮನೆಗೆ ಹೊರಟಿದೀನಿ. ಎರಡೇ ದಿನ." ಅವಳ ದನಿ ಎರಡು ದಿನದ್ದಾಗಿರಲಿಲ್ಲ.

ಮೇಸ್ತ್ರಿ ಬಾಗಿಲಲ್ಲೇ ನಿಂತು, "ವಾಸಿ ಆಗೋವರೆಗೂ ಮನೇಲಿರಪ್ಪ" ಎಂದ.

"ಮನೇಲಿ ಈಗ ಯಾರೂ ಇಲ್ಲ ಸಾರ್," ಎಂದ ಕತ್ತರಿ. ಮೂಗು ಒರೆಸಿಕೊಂಡ. ಅದನ್ನೂ ಜನ ಕಾಯಿಲೆಯ ಲೆಕ್ಕಕ್ಕೇ ಹಾಕಿಕೊಂಡರು.

ಬೇರೆ ದಾರಿ ಕಾಣದೆ ಡಾಕ್ಟರಮ್ಮನ ಬಳಿಗೆ ಓಡಿ ಕೈಮುಗಿದ. ಆಕೆ ಒಳ್ಳೆಯವಳು, ಊಟ ಅರ್ಧಕ್ಕೆ ಬಿಟ್ಟು ಬಂದು ಯಂತ್ರಗಳ ನಡುವೆ ನಿಂತಳು.

"ಇದು ಒಬ್ಬರಿಂದ ಒಬ್ಬರಿಗೆ ಬರಲ್ಲ. ಯಾಕೆ ಬರತ್ತೆ ಅಂತ ನಮಗೂ ಪೂರ್ತಿ ಗೊತ್ತಿಲ್ಲ. ಆದ್ರೆ ಈ ಊರಲ್ಲಿ ಇಂಥ ಇನ್ನೊಬ್ಬರು ಹುಡುಕಿದ್ರೂ ಸಿಗೋದು ಕಷ್ಟ."

ಜನರ ಮುಖ ಸಡಿಲವಾಯಿತು. ಗುಂಡಿಯ ಅಕ್ಕ ನಾಚಿಕೊಂಡು, ಮೇಜನ್ನು ಒಳಗೆ ತರಲು ತಾನೇ ಒಂದು ತುದಿ ಎತ್ತಿದಳು. ಬೆಳಗಿನಿಂದ ಮೊದಲ ಸಲ ಕತ್ತರಿ ನೆಟ್ಟಗೆ ಉಸಿರಾಡಿದ.

ಮೇಸ್ತ್ರಿಗೂ ಧೈರ್ಯ ಬಂತು. "ಮೇಡಮ್, ಹೇಗೂ ಬಂದಿದೀರಿ, ಇದನ್ನೊಂಚೂರು ನೋಡಿ," ಎಂದು ಪ್ಯಾಂಟು ಮೇಲೆತ್ತಿದ. ಮೊಣಕಾಲಿನ ಕೆಳಗೆ ಕೆಂಪು ಕೆಂಪು ಗಂಟುಗಳು. "ಸೊಳ್ಳೆ ಇರ್ಬೇಕು."

ಡಾಕ್ಟರಮ್ಮ ಒತ್ತಿ ನೋಡಿದಳು. "ಕೆಮ್ಮಿದೆಯಾ? ಕೀಲು ನೋವು?"

"ಎರಡೂ ಇದೆ."

ಆಕೆಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. "ನಾಳೆ ಎಕ್ಸ್‌ರೇ ತೆಗೆಸಿ. ಇದೂ ಅದೇ ಇರಬಹುದು." ಸುತ್ತಲಿನ ಮುಖಗಳನ್ನು ಕಂಡು ಅವಸರದಿಂದ ಸೇರಿಸಿದಳು, "ಬರೀ ಕಾಕತಾಳೀಯ, ಅಷ್ಟೇ."

"ಕಾಕತಾಳೀಯ ಅಂತಾನೂ ಕರೀತಾರಂತೆ ಇದನ್ನ," ಎಂದು ಅಕ್ಕ ಪಕ್ಕದವಳಿಗೆ ಪಿಸುಗುಟ್ಟಿ, ಮೇಜಿನ ತುದಿಯನ್ನು ಮೆಲ್ಲಗೆ ಕೆಳಗಿಟ್ಟಳು.

ಸಂಜೆಯ ಹೊತ್ತಿಗೆ ವರಾಂಡದಲ್ಲಿ ಎರಡು ಮೇಜುಗಳಿದ್ದವು. ಮೇಸ್ತ್ರಿ ತನ್ನದನ್ನು ಆ ತುದಿಯ ಗೋಡೆಗೆ ತಾಗುವಷ್ಟು ದೂರ ಎಳೆದುಕೊಂಡು, ಕತ್ತರಿಯ ಗಾಳಿ ತಾಗದಂತೆ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಕುಳಿತಿದ್ದ.