ತಾನಾಗಿಯೇ ಆಗುವ ಚುಕ್ಕಿಗಳು

“ಸಿಟ್ಟು ಕಡಿಮೆ ಮಾಡಿಕೋ” ಅಂತ ನಮ್ಮವರು ದಿನಾ ಹೇಳುತ್ತಾರೆ. ಜನ ಬಿಟ್ಟರೆ ತಾನೇ!

ಆಂಧ್ರ ಒಡೆದು ತೆಲಂಗಾಣ ಬೇರೆಯಾದ ಮರುವರ್ಷ ನಮ್ಮವರಿಗೆ ಧಾರವಾಡದಿಂದ ವಿಶಾಖಪಟ್ಟಣದ ಬ್ಯಾಂಕಿಗೆ ವರ್ಗವಾಯಿತು. ನಾನು ಅಲ್ಲಿನ ಒಂದು ಪ್ರಯೋಗಾಲಯ ಸೇರಿದೆ. ಗಾಳಿ ತೆಗೆದ ಉಕ್ಕಿನ ಪೆಟ್ಟಿಗೆಯಲ್ಲಿ ಸಿಲಿಕಾನ್ ಬಿಲ್ಲೆಯ ಮೇಲೆ ಜರ್ಮೇನಿಯಂ ಹರಳನ್ನು ಪದರಪದರವಾಗಿ ಬೆಳೆಸುವುದು ನನ್ನ ಕೆಲಸ. ಎರಡರ ಪರಮಾಣುಗಳ ಅಂತರ ಹೊಂದುವುದಿಲ್ಲ. ಪದರ ದಪ್ಪವಾದಂತೆ ಬಿಗಿತ ಹೆಚ್ಚಿ, ಅದು ತಾನಾಗಿಯೇ ಕಣ್ಣಿಗೆ ಕಾಣದ ಪುಟ್ಟ ಗುಡ್ಡೆಗಳಾಗುತ್ತದೆ. ಅವೇ ಕ್ವಾಂಟಮ್ ಚುಕ್ಕಿಗಳು. ಈ ‘ತಾನಾಗಿಯೇ’ ಅನ್ನುವ ಮಾತೇ ನನಗೆ ಮುಳುವಾಯಿತು.

ಸಹಾಯಕರು ಯಾಕೆ?

ಒಬ್ಬ ಸಹಾಯಕರನ್ನು ಕೊಡಿ ಅಂತ ಪರಿಶೀಲನಾ ಸಮಿತಿಯ ಮುಂದೆ ಕೇಳಿದೆ.

“ಚುಕ್ಕಿಗಳು ತಾನಾಗಿಯೇ ಆಗ್ತವಾ ಅಮ್ಮಾ?” ಅಂತ ತೆಲುಗಿನಲ್ಲಿ ಕೇಳಿದರು ಹಿರಿಯ ಸದಸ್ಯರು.

“ಆಗ್ತವೆ ಸರ್, ಆದರೆ ಶಾಖ ಚೂರು ತಪ್ಪಿದರೂ...”

“ಆಗ್ತವಲ್ಲ! ಮತ್ತೆ ಸಹಾಯಕರು ಯಾಕೆ?”

ಪಿತ್ತ ನೆತ್ತಿಗೇರಿತು. ಸಿಟ್ಟು ಬಂದರೆ ನನಗೆ ಧಾರವಾಡದ ಕನ್ನಡವೇ ಬರುವುದು. “ಕೂಸೂ ಹೊಟ್ಟ್ಯಾಗ ತಾನ ಬೆಳೀತದ. ಹಂಗಂತ ಬಸುರಿಗೆ ಊಟಾ ಹಾಕೂದಿಲ್ಲೇನ್ರೀ?” ಅಂತ ಕೂಗಿದೆ.

ಅವರಿಗೆ ಒಂದಕ್ಷರವೂ ತಿಳಿಯಲಿಲ್ಲ. ಕೈ ಮುಗಿದು, “ಥ್ಯಾಂಕ್ಸ್ ಎಲ್ಲ ಯಾಕಮ್ಮಾ, ಇದು ನಮ್ಮ ಡ್ಯೂಟಿ” ಅಂದರು.

ಎದುರುಮನೆ

ಒಂದು ದಿನ ಹರಳು ಬೆಳೆಯುತ್ತಿದ್ದಾಗಲೇ ಕರೆಂಟು ಹೋಗಿ ಎಲ್ಲ ಹಾಳಾಯಿತು. ಅಳು ತಡೆದುಕೊಂಡು ಎಂವಿಪಿ ಕಾಲೋನಿಯ ಮನೆಗೆ ಬಂದರೆ ಎದುರುಮನೆಯಾಕೆ ಡಬ್ಬಿ ಹಿಡಿದು ನಿಂತಿದ್ದಾರೆ.

“ಹರಳು ಬೆಳೆಸ್ತೀರಂತಲ್ಲ ಮೇಡಂ, ನೈವೇದ್ಯಕ್ಕೆ ಸ್ವಲ್ಪ ಕಲ್ಲುಸಕ್ಕರೆ ಕೊಡ್ತೀರಾ?”

“ನಾ ಬೆಳೆಸೋದು ಕಣ್ಣಿಗೇ ಕಾಣಲ್ಲ!” ಅಂತ ರೇಗಿದೆ.

ಆಕೆಗೆ ಅಯ್ಯೋ ಅನ್ನಿಸಿತು. “ಅಷ್ಟು ಕಡಿಮೆ ಬೆಳೆಯುತ್ತಾ? ಗೊಬ್ಬರ ಹಾಕಿ ನೋಡಿ ಅಮ್ಮಾ.”

ಕ್ಲೀನಿಂಗ್

ಕೊನೆಗೂ ಚುಕ್ಕಿಗಳು ಬಂದವು, ಒಂದೇ ಗಾತ್ರ, ಸಾಲುಸಾಲು! ಸೂಕ್ಷ್ಮದರ್ಶಕದಲ್ಲಿ ಅವುಗಳ ಫೋಟೋ ತೆಗೆದು, ವಿಜಯವಾಡದ ಸಮ್ಮೇಳನಕ್ಕೆ ಪೋಸ್ಟರ್ ಮಾಡಲು ಅಲ್ಲಿಯದೇ ಫ್ಲೆಕ್ಸ್ ಅಂಗಡಿಗೆ ಕಳಿಸಿದೆ.

ಸಮ್ಮೇಳನದ ಬೆಳಿಗ್ಗೆ ಇಂದ್ರಕೀಲಾದ್ರಿ ಬೆಟ್ಟ ಹತ್ತಿ ಗುಡಿಯ ಅಮ್ಮನವರಿಗೆ ಕೈಮುಗಿದು ಸಭಾಂಗಣಕ್ಕೆ ಬಂದೆ. ಪೋಸ್ಟರ್ ಬಿಚ್ಚಿದರೆ ಎಲ್ಲಿದೆ ಚುಕ್ಕಿ? ಬರೀ ಬೂದು ಬಣ್ಣ. ಕೆಳಗೆ ದಪ್ಪ ಅಕ್ಷರದಲ್ಲಿ ‘ಕ್ವಾಂಟಮ್ ಚುಕ್ಕಿಗಳು’.

ಅಂಗಡಿಯವರಿಗೆ ಫೋನ್ ಮಾಡಿ ಕಿರುಚಿದೆ.

“ಫೋಟೋ ತುಂಬಾ ಮಚ್ಚೆ ಇದ್ದವು ಮೇಡಂ ಗಾರು. ಒಂದೊಂದಾಗಿ ನಾನೇ ಕ್ಲೀನ್ ಮಾಡಿದೆ. ಚೆನ್ನಾಗಿದೆಯಲ್ಲ?”

ಹರಿದು ಹಾಕಬೇಕು ಅನ್ನುವಷ್ಟರಲ್ಲಿ ಮುಖ್ಯ ಅತಿಥಿಗಳು ಬಂದೇಬಿಟ್ಟರು. ಕನ್ನಡಕ ಹಾಕಿಕೊಂಡರು, ತೆಗೆದರು, ಒರೆಸಿ ಮತ್ತೆ ಹಾಕಿಕೊಂಡರು. ಆ ಬೂದು ಚೌಕಕ್ಕೆ ಮೂಗು ತಾಗುವಷ್ಟು ಬಗ್ಗಿದರು. ಆಮೇಲೆ ಎಲ್ಲರನ್ನೂ ಹತ್ತಿರ ಕರೆದು ಹೇಳಿದರು:

“ನೋಡಿ, ನೋಡಿ! ಎಷ್ಟು ಸಣ್ಣದಾಗಿ ಮಾಡಿದ್ದಾರೆ ಅಂದರೆ, ಕಾಣಿಸೋದೇ ಇಲ್ಲ!”

ಮೊದಲ ಬಹುಮಾನ ನನಗೇ ಕೊಟ್ಟರು.